ಮುಂದೆ ಹೋಗಿ ನೋಡಿ ಬರುವವರು

ಯುವಜನರ ಅಂಕಣ: ಮುಂದೇನು?



ಒಂದೊಂದು ಸಂಚಿಕೆಯಲ್ಲಿ ಒಂದೊಂದು ಉದ್ಯೋಗದ ಪರಿಚಯ ಮಾಡಿಕೊಳ್ಳುವುದು ಈ ಅಂಕಣದ ವಾಡಿಕೆ. ಈ ಬಾರಿ ಸೈನ್ಯದ ಸರದಿ. ಸೈನ್ಯವೆಂದ ಕೂಡಲೇ ನಿಮ್ಮಲ್ಲಿ ಬಹಳಷ್ಟು ಮಂದಿ 'ಕಮಾಂಡೋ' ಎನ್ನುತ್ತೀರಿ. ಸಿನಿಮಾಗಳು ನಮ್ಮ ಕಣ್ಣಿಗೆ ತೋರಿಸಿರುವುದು ಅದನ್ನೇ. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಶತ್ರು ಆ ಗುಡ್ಡದ ಹಿಂದೆಯೇ ಇದ್ದಾನೆ, ಇಷ್ಟೇ ಜನ ಇದ್ದಾರೆ, ಇಂಥ ದಾರಿಯಿಂದ ಹತ್ತಿದರೆ ತಲುಪಬಹುದು ಎಂದು ಆ ಕಮಾಂಡೋಗೆ ಹೇಳಿದವರು ಯಾರು? ಅವನಿಗಿಂತ ಮೊದಲು ಯಾರೋ ಅಲ್ಲಿಗೆ ಹೋಗಿ, ನೋಡಿ, ಹಿಂದಿರುಗಿ ಬಂದಿರಬೇಕಲ್ಲವೇ? ಈ ಸಲದ ಮಾತು ಅವರ ಬಗ್ಗೆ.

ಸೈನಿಕರ ಬಾಯಲ್ಲಿ ಈ ಕೆಲಸಕ್ಕೆ 'ರೆಕಿ' ಎಂದು ಹೆಸರು. ಕನ್ನಡದಲ್ಲಿ ಮುಂಗಡ ಶೋಧ ಎನ್ನಬಹುದು. ಇದನ್ನು ಬೇಹುಗಾರಿಕೆ ಎಂದು ತಿಳಿಯಬೇಡಿ. ಇಲ್ಲಿನ ಶಾಲೆಗಳಲ್ಲಿ ಕಲಿತ ನೀವೆಲ್ಲ ಶಿವಾಜಿ ಮಹಾರಾಜರ ಇತಿಹಾಸ ಓದಿದ್ದೀರಿ. ಅವರ ಗುಪ್ತಚರ ದಳದ ಮುಖ್ಯಸ್ಥ ಬಹಿರ್ಜಿ ನಾಯಕ್ ವೇಷ ಮರೆಸಿಕೊಂಡು ಶತ್ರುವಿನ ಊರು ಹೊಕ್ಕು ಸುದ್ದಿ ತರುತ್ತಿದ್ದ ಎಂಬ ಕಥೆಗಳನ್ನು ಕೇಳಿದ್ದೀರಿ. ಅದು ಬೇಹುಗಾರಿಕೆ. ರೆಕಿ ಸೈನಿಕ ವೇಷ ಮರೆಸುವುದಿಲ್ಲ. ತನ್ನ ಸೇನೆಯ ಸಮವಸ್ತ್ರದಲ್ಲಿಯೇ ಹೋಗುತ್ತಾನೆ. ಪೊದೆಯ, ಕತ್ತಲೆಯ, ಬಂಡೆಯ ಮರೆ ಹಿಡಿಯುತ್ತಾನೆಯೇ ಹೊರತು ತಾನು ಸೈನಿಕನೆಂಬುದನ್ನು ಮುಚ್ಚಿಡುವುದಿಲ್ಲ. ಈ ವ್ಯತ್ಯಾಸ ಕೇವಲ ಮಾತಿನದಲ್ಲ. ವೇಷ ಮರೆಸದೆ ಮಾಹಿತಿಗಾಗಿ ಶತ್ರುವಿನ ನೆಲೆ ಹೊಕ್ಕ ಸೈನಿಕರನ್ನು ಗೂಢಚಾರರೆಂದು ಪರಿಗಣಿಸಕೂಡದು ಎಂದು 1907ರ ಹೇಗ್ ಒಪ್ಪಂದದ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ಅಂಥವನು ಸೆರೆ ಸಿಕ್ಕರೆ ಅವನು ಯುದ್ಧಕೈದಿ. ಅವನನ್ನು ಹಾಗೆಯೇ ನಡೆಸಿಕೊಳ್ಳಬೇಕು. ಈ ನಿಯಮವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಕೆಲಸವೇನು?

ರೆಕಿ ಸೈನಿಕನ ಕೆಲಸ ಕೇಳುವುದಕ್ಕೆ ಬಹಳ ಸರಳ. ಹೋಗಬೇಕು, ನೋಡಬೇಕು, ಯಾರ ಕಣ್ಣಿಗೂ ಬೀಳದೆ ಹಿಂದಿರುಗಬೇಕು, ಕಂಡದ್ದನ್ನು ಕಂಡ ಹಾಗೆ ಹೇಳಬೇಕು. ಇದರಲ್ಲಿ ಗುಂಡು ಹಾರಿಸುವ ಮಾತೇ ಬರಲಿಲ್ಲ ನೋಡಿ. ತನ್ನ ಪ್ರಾಣ ಉಳಿಸಿಕೊಳ್ಳುವುದಕ್ಕೆ ಗುಂಡು ಹಾರಿಸಬೇಕಾಗಿ ಬರಬಹುದು. ಆದರೆ ಶೋಧಕ್ಕೆಂದು ಹೋದ ತುಕಡಿ ಗುಂಡು ಹಾರಿಸಿತೆಂದರೆ ತಾನು ಬಂದಿರುವುದನ್ನು ತಾನೇ ಸಾರಿದ ಹಾಗೆ. ಹತ್ತು ಮಂದಿ ಶತ್ರುಗಳು ಕೋವಿಯ ಗುರಿಗೆ ಸಿಕ್ಕಿದರೂ ಬೆರಳು ಅಲುಗಿಸದೆ, ಉಸಿರು ಬಿಗಿಹಿಡಿದು ಲೆಕ್ಕ ಹಾಕುತ್ತಾ ಮಲಗಿರಬೇಕಾಗುತ್ತದೆ. ಇಪ್ಪತ್ತು ವರ್ಷದ ಬಿಸಿರಕ್ತಕ್ಕೆ ಇದು ಹೊಡೆದಾಟಕ್ಕಿಂತ ಕಷ್ಟದ ಕೆಲಸ.

ಹಾಗಾದರೆ ಏನನ್ನು ನೋಡಬೇಕು? ಅಮೆರಿಕದ ಸೇನೆಯಲ್ಲಿ ಇದಕ್ಕೆ 'ಸ್ಯಾಲ್ಯೂಟ್' ಎಂಬ ಆರಕ್ಷರದ ಇಂಗ್ಲಿಷ್ ಪದವನ್ನೇ ಸೂತ್ರವಾಗಿ ಕಲಿಸುತ್ತಾರೆ. ಅದನ್ನು ನಮ್ಮ ಭಾಷೆಯಲ್ಲಿ ಆರು ಪ್ರಶ್ನೆಗಳಾಗಿ ಹೇಳಬಹುದು. ಎಷ್ಟು ಜನ? ಏನು ಮಾಡುತ್ತಿದ್ದಾರೆ? ಎಲ್ಲಿದ್ದಾರೆ? ಯಾವ ಪಡೆಯವರು? ಯಾವಾಗ ಕಂಡದ್ದು? ಅವರ ಬಳಿ ಇರುವ ಆಯುಧ, ಸಲಕರಣೆ ಯಾವುವು? ಈ ಆರಕ್ಕೂ ಉತ್ತರ ಬೇಕು. ಒಂದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ 'ಗೊತ್ತಿಲ್ಲ' ಎಂದೇ ಹೇಳಬೇಕು. ಊಹಿಸಿ ತುಂಬಿಸಬಾರದು. 'ಸುಮಾರು ನೂರು ಜನ ಇದ್ದಿರಬಹುದು ಸಾಹೇಬರೇ' ಎಂದು ಜಂಬಕ್ಕೆ ಹೇಳಿದರೂ ತಪ್ಪು, 'ಅಲ್ಲೇನೂ ಇಲ್ಲ' ಎಂದು ಅರ್ಧ ದಾರಿಯಿಂದ ಹಿಂದಿರುಗಿ ಬಂದು ಹೇಳಿದರೂ ತಪ್ಪು. ಅವನ ಮಾತನ್ನು ನಂಬಿ ಮರುದಿನ ನೂರಾರು ಮಂದಿ ಹೆಜ್ಜೆ ಇಡುತ್ತಾರೆ. ನಮ್ಮ ಹಿರಿಯರು 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂದಿದ್ದಾರಲ್ಲ, ಆ ಗಾದೆ ಈ ಉದ್ಯೋಗಕ್ಕೆ ಹೇಳಿ ಮಾಡಿಸಿದಂತಿದೆ.

ಶತ್ರುವನ್ನಷ್ಟೇ ಅಲ್ಲ, ನೆಲವನ್ನೂ ನೋಡಬೇಕು. ಹೊಳೆ ಎಷ್ಟು ಆಳ, ಸೇತುವೆ ಎಷ್ಟು ಭಾರ ತಡೆದೀತು, ದಾರಿ ಎಷ್ಟು ಅಗಲ, ಎಲ್ಲಿ ಕೆಸರು, ಎಲ್ಲಿ ನೀರು ಸಿಗುತ್ತದೆ ಇವೆಲ್ಲವೂ ಸುದ್ದಿಯೇ. 1948ರ ನವೆಂಬರ್ 1ರಂದು ಸುಮಾರು 11,500 ಅಡಿ ಎತ್ತರದ ಜೋಜಿ ಲಾ ಘಟ್ಟವನ್ನು ಭಾರತೀಯ ಸೇನೆಯ ಟ್ಯಾಂಕುಗಳು ಹತ್ತಿದಾಗ ಎದುರಾಳಿಗಳು ದಂಗಾದರು. ಅಲ್ಲಿಗೆ ಟ್ಯಾಂಕು ಬರಬಹುದೆಂದು ಯಾರೂ ಎಣಿಸಿರಲಿಲ್ಲ. ಆ ಕಾರ್ಯಾಚರಣೆ ನಡೆಸಿದ ಡಿವಿಜನ್ನಿನ ಮುಖ್ಯಸ್ಥರು ನಮ್ಮ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ. ಬಾಲ್ತಾಲ್‌ನಿಂದ ಮೇಲಕ್ಕೆ ಟ್ಯಾಂಕು ಹೋಗುವಂತೆ ದಾರಿ ಕಡಿದವರು ಬೆಂಗಳೂರಿನಲ್ಲಿ ಕೇಂದ್ರವಿರುವ ಮದ್ರಾಸ್ ಸ್ಯಾಪರ್ಸ್ ಪಡೆಯವರು. ಟ್ಯಾಂಕು ಹತ್ತುವ ಮೊದಲು ಆ ಇಳಿಜಾರನ್ನು ಯಾರಾದರೂ ಕಾಲ್ನಡಿಗೆಯಲ್ಲಿ ಅಳೆದಿರಲೇಬೇಕು ತಾನೇ?

ರೆಕಿಯ ಬಗೆಗಳು

ನಮ್ಮ ಸೈನ್ಯದಲ್ಲಿ ಈ ಕೆಲಸ ಒಂದೇ ಕಡೆ ಇಲ್ಲ. ಹಲವು ಅಂಗಗಳಲ್ಲಿ ಹಂಚಿಹೋಗಿದೆ.

ಮೊದಲನೆಯದು ಪದಾತಿ ದಳ. ಯಾವುದೇ ಪದಾತಿ ತುಕಡಿ ನಡೆಯುವಾಗ ಎಲ್ಲರಿಗಿಂತ ಮುಂದೆ ಇಬ್ಬರು 'ಸ್ಕೌಟ್'ಗಳು ಇರುತ್ತಾರೆ. ರೆಕಿಯ ಮೊದಲ ಪಾಠ ಅಲ್ಲಿಯೇ. ಇದಲ್ಲದೆ ಪ್ರತಿ ಪದಾತಿ ಬೆಟಾಲಿಯನ್ನಿನಲ್ಲಿ ಆಯ್ದ ಸುಮಾರು ಇಪ್ಪತ್ತು ಮಂದಿಯ 'ಘಾತಕ್' ಪ್ಲಟೂನ್ ಇರುತ್ತದೆ. ಶೋಧ, ಹಠಾತ್ ದಾಳಿ, ಫಿರಂಗಿಗಳಿಗೆ ಗುರಿ ತೋರಿಸುವುದು ಇವರ ಪಾಲಿನ ಕೆಲಸ. ಇಂಥ ಕಮಾಂಡೋ ತರಬೇತಿಗೆ ದೇಶದಲ್ಲೆಲ್ಲ ಹೆಸರಾದ ಶಾಲೆ ಇರುವುದು ನಮ್ಮ ಬೆಳಗಾವಿಯಲ್ಲಿ. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರವೂ ಅದೇ ಊರಿನಲ್ಲಿದೆ. 2025ರಲ್ಲಿ ಪದಾತಿ ಬೆಟಾಲಿಯನ್ನುಗಳಲ್ಲಿ 'ಅಶ್ನಿ' ಎಂಬ ಹೆಸರಿನ ಡ್ರೋನ್ ಪ್ಲಟೂನುಗಳೂ ಬಂದಿವೆ.

ಎರಡನೆಯದು ಟ್ಯಾಂಕು ಮತ್ತು ಯಾಂತ್ರಿಕ ಪದಾತಿ ದಳ. ಇವರು ವಾಹನದಲ್ಲಿ ಮುಂದೆ ಹೋಗಿ ನೋಡುವವರು. ಇವೆರಡರ ತರಬೇತಿ ಕೇಂದ್ರಗಳೂ ಇರುವುದು ನಮ್ಮ ಮಹಾರಾಷ್ಟ್ರದ ಅಹಮದನಗರದಲ್ಲಿ, ಅಂದರೆ ಈಗಿನ ಅಹಿಲ್ಯಾನಗರದಲ್ಲಿ.

ಮೂರನೆಯದು ಫಿರಂಗಿ ದಳ. ಫಿರಂಗಿ ಹಾರಿಸುವವನಿಗೆ ಗುರಿ ಕಾಣುವುದಿಲ್ಲ. ಹಲವು ಮೈಲಿ ಮುಂದೆ ಗುಡ್ಡದ ಮೇಲೆ ಕುಳಿತ ವೀಕ್ಷಕ ಹೇಳಿದ ಲೆಕ್ಕದ ಮೇಲೆಯೇ ಅವನು ಗುಂಡು ಹಾರಿಸುತ್ತಾನೆ. ಗುರಿ ಹುಡುಕುವುದಕ್ಕೆಂದೇ ರಡಾರು, ಡ್ರೋನು ಹೊಂದಿದ 'ಸಾಟಾ' ರೆಜಿಮೆಂಟುಗಳಿವೆ. ಫಿರಂಗಿ ಶಾಲೆ ಎಲ್ಲಿದೆ ಗೊತ್ತೇ? ದೇವಳಾಲಿಯಲ್ಲಿ. ನಮ್ಮ ಟಿಟ್ವಾಳಾ ಸ್ಟೇಷನ್ನಿನ ಮುಂದೆ ದಿನವೂ ಧಡಧಡ ಓಡುವ ನಾಸಿಕ್ ಕಡೆಯ ಗಾಡಿಗಳು ಖಡವಲಿ, ವಾಸಿಂದ್, ಕಸಾರಾ ದಾಟಿ, ಘಟ್ಟ ಹತ್ತಿ ಹೋಗುವುದು ಆ ದಾರಿಯಲ್ಲಿಯೇ. ಅದೇ ಹಳಿಯ ಮೇಲೆ ಮುಂದೆ ನಾಸಿಕ್ ರೋಡಿನಲ್ಲಿ ಸೇನೆಯ ಹೆಲಿಕಾಪ್ಟರ್ ಚಾಲಕರ ತರಬೇತಿ ಶಾಲೆ ಇದೆ. ನೀವು ದಿನ ಬೆಳಗಾದರೆ ಕಲ್ಯಾಣದ ಕಡೆಗೆ ಲೋಕಲ್ ಹಿಡಿಯುತ್ತೀರಿ. ಎದುರು ದಿಕ್ಕಿನ ಗಾಡಿಯೂ ಒಂದು ಉದ್ಯೋಗಕ್ಕೆ ಕರೆದೊಯ್ಯುತ್ತದೆ ಎಂಬುದು ನಿಮ್ಮ ಗಮನದಲ್ಲಿರಲಿ.

ಇವಲ್ಲದೆ ಪ್ಯಾರಾಶೂಟ್ ರೆಜಿಮೆಂಟಿನ ವಿಶೇಷ ಪಡೆಗಳಿವೆ. ಆ ರೆಜಿಮೆಂಟಿನ ತರಬೇತಿ ಕೇಂದ್ರ ಬೆಂಗಳೂರಿನಲ್ಲಿದೆ. ಅಲ್ಲಿಗೆ ಸ್ವ-ಇಚ್ಛೆಯಿಂದ ಮುಂದೆ ಬಂದವರನ್ನು ಮಾತ್ರ ಪರೀಕ್ಷಿಸುತ್ತಾರೆ. ಆ ಪರೀಕ್ಷೆಯಲ್ಲಿ ಉಳಿಯುವವರಿಗಿಂತ ಹಿಂದಿರುಗುವವರೇ ಹೆಚ್ಚು.

ಕಾರ್ಗಿಲ್ ಕಲಿಸಿದ್ದು

ಈ ಕೆಲಸದ ಬೆಲೆ ಏನೆಂಬುದನ್ನು 1999ರ ಕಾರ್ಗಿಲ್ ಯುದ್ಧ ತಿಳಿಸಿತು. ನಿಮ್ಮಲ್ಲಿ ಅನೇಕರು ಆಗ ಹುಟ್ಟಿರಲಿಲ್ಲ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಆ ವರ್ಷದ ಮೇ 3ರಂದು ಬಟಾಲಿಕ್ ಬಳಿಯ ಗಾರ್ಕೋನ್ ಗ್ರಾಮದ ತಾಶಿ ನಾಮ್‌ಗ್ಯಾಲ್ ಎಂಬ ಕುರಿಗಾಹಿ ಕಳೆದುಹೋದ ತನ್ನ ಯಾಕ್ ಹುಡುಕುತ್ತಾ ಹೊರಟವರು. ದುರ್ಬೀನಿನಲ್ಲಿ ನೋಡಿದಾಗ ಅಪರಿಚಿತರು ಗುಡ್ಡದ ಮೇಲೆ ಬಂಕರು ತೋಡುವುದು ಕಂಡಿತು. ನನಗೇಕೆ ಉಸಾಬರಿ ಎಂದು ಸುಮ್ಮನಾಗದೆ ಅವರು ಸೇನೆಗೆ ತಿಳಿಸಿದರು. ಸಮವಸ್ತ್ರವಿಲ್ಲದ ಒಬ್ಬ ಸಾಮಾನ್ಯ ಮನುಷ್ಯ ನೋಡಿದ, ಹಿಂದಿರುಗಿದ, ಕಂಡದ್ದನ್ನು ಕಂಡ ಹಾಗೆ ಹೇಳಿದ. 2024ರಲ್ಲಿ ಅವರು ತೀರಿಕೊಂಡಾಗ ಸೇನೆ ಗೌರವದಿಂದ ಅವರನ್ನು ಸ್ಮರಿಸಿತು.

ಮೇ ಮಧ್ಯಭಾಗದಲ್ಲಿ ಕಾಕ್ಸರ್ ಪ್ರದೇಶಕ್ಕೆ 4 ಜಾಟ್ ಬೆಟಾಲಿಯನ್ನಿನ ಒಂದು ಗಸ್ತು ತುಕಡಿ ಹೊರಟಿತು. ನಾಯಕ ಕ್ಯಾಪ್ಟನ್ ಸೌರಭ್ ಕಾಲಿಯಾ. ವಯಸ್ಸು ಇಪ್ಪತ್ತೆರಡು, ಅಧಿಕಾರಿಯಾಗಿ ಐದೇ ತಿಂಗಳು. ಜೊತೆಗೆ ಐವರು ಸಿಪಾಯಿಗಳು: ಅರ್ಜುನ್ ರಾಮ್, ಭನ್ವರ್ ಲಾಲ್ ಬಗಾರಿಯಾ, ಭಿಖಾ ರಾಮ್, ಮೂಲಾ ರಾಮ್, ನರೇಶ್ ಸಿಂಗ್. ಅವರು ಶತ್ರುವಿನ ಕೈಗೆ ಸಿಕ್ಕರು. ಮೂರು ವಾರಗಳ ನಂತರ ಜೂನ್ 9ರಂದು ಅವರ ದೇಹಗಳು ಹಿಂದಿರುಗಿ ಬಂದವು. ಮರಣೋತ್ತರ ಪರೀಕ್ಷೆಯಲ್ಲಿ ಚಿತ್ರಹಿಂಸೆಯ ಗುರುತುಗಳು ಕಂಡವು. ಹೇಗ್ ನಿಯಮದ ಮಾತು ನೆನಪಿಡಿ ಎಂದಿದ್ದೆ. ಕಾಗದದ ಮೇಲೆ ನಿಯಮವಿತ್ತು, ಆ ಆರು ಮಂದಿಯ ಪಾಲಿಗೆ ಅದು ಕೆಲಸಕ್ಕೆ ಬರಲಿಲ್ಲ. ಈ ಉದ್ಯೋಗದ ಬಗ್ಗೆ ಬರೆಯುವವರು ಇದನ್ನು ಮರೆಮಾಚಿ ಬರೆಯಬಾರದು. ಎಲ್ಲರಿಗಿಂತ ಮುಂದೆ ಹೋಗುವವನ ಬೆನ್ನಿಗೆ ಸೈನ್ಯವಿರುತ್ತದೆ, ಆದರೆ ಅದು ದೂರದಲ್ಲಿರುತ್ತದೆ.

ಮುಂದೆ ತೊಲೋಲಿಂಗ್ ಶಿಖರದ ಮೇಲೆ ವಾರಗಟ್ಟಲೆ ನಡೆದ ಪ್ರಯತ್ನಗಳು ಫಲಿಸದೆ ಪ್ರಾಣಹಾನಿಯಾದಾಗ ಆ ಹೊಣೆ 2 ರಾಜಪುತಾನಾ ರೈಫಲ್ಸ್ ಬೆಟಾಲಿಯನ್ನಿಗೆ ಬಂತು. ಅದರ ಮುಖ್ಯಸ್ಥರು ದಾವಣಗೆರೆ ಕಡೆಯ ಕನ್ನಡಿಗ ಕರ್ನಲ್ ಎಂ.ಬಿ. ರವೀಂದ್ರನಾಥ್. ಬಂದ ಕೂಡಲೇ ಅವರು ಜವಾನರನ್ನು ಬೆಟ್ಟಕ್ಕೆ ಹತ್ತಿಸಲಿಲ್ಲ. ನೆಲ ನೋಡುವುದಕ್ಕೆ, ಸಿದ್ಧತೆಗೆ, ಅಭ್ಯಾಸಕ್ಕೆ ಸಮಯ ತೆಗೆದುಕೊಂಡರು. ಜೂನ್ 13ರಂದು ತೊಲೋಲಿಂಗ್ ನಮ್ಮದಾಯಿತು. ಯುದ್ಧದ ದಿಕ್ಕು ಬದಲಾದದ್ದು ಅಲ್ಲಿಂದ. ಅವರಿಗೆ ವೀರಚಕ್ರ ಬಂತು. 2018ರಲ್ಲಿ ಅವರು ಬೆಂಗಳೂರಿನಲ್ಲಿ ನಿಧನರಾದರು. ನೋಡುವುದಕ್ಕೆ ಕೊಟ್ಟ ಸಮಯ ವ್ಯರ್ಥವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನೊಬ್ಬರ ಕಥೆ ನಿಮಗೆ ಗೊತ್ತೇ ಇರಬೇಕು. 18 ಗ್ರೆನೇಡಿಯರ್ಸ್‌ನ ಘಾತಕ್ ಪ್ಲಟೂನಿನ ಯೋಗೇಂದ್ರ ಸಿಂಗ್ ಯಾದವ್, ವಯಸ್ಸು ಹತ್ತೊಂಬತ್ತು. ಜುಲೈ 4ರ ಮುಂಜಾವಿನಲ್ಲಿ ಟೈಗರ್ ಹಿಲ್‌ನ ಕಡಿದಾದ ಬಂಡೆ ಹತ್ತಿದವರು. ಅವರಿಗೆ ಪರಮವೀರ ಚಕ್ರ ಬಂದದ್ದು ಎಲ್ಲರಿಗೂ ಗೊತ್ತು. ಆದರೆ ಅವರೇ ಸಂದರ್ಶನಗಳಲ್ಲಿ ಹೇಳಿರುವ ಒಂದು ಸಂಗತಿ ನಮ್ಮ ವಿಷಯಕ್ಕೆ ಮುಖ್ಯ. ಸಂಗಡಿಗರೆಲ್ಲ ಬಿದ್ದ ಮೇಲೆ, ಮೈತುಂಬ ಗುಂಡು ಹೊಕ್ಕು ಸತ್ತವರಂತೆ ಬಿದ್ದಿದ್ದಾಗ, ಕೆಳಗಿದ್ದ ನಮ್ಮ ನೆಲೆಯ ಮೇಲೆ ದಾಳಿ ಮಾಡುವ ಶತ್ರುವಿನ ಮಾತು ಅವರ ಕಿವಿಗೆ ಬಿತ್ತು. ಆ ಸುದ್ದಿಯನ್ನು ಮುಟ್ಟಿಸಲೇಬೇಕೆಂದು ಮುರಿದ ಕೈ ಹೊತ್ತು ತೆವಳಿಕೊಂಡು ಕೆಳಗಿಳಿದರು. ಮುಟ್ಟಿಸಿದರು. ಬದುಕಿ ಬಂದದ್ದು ಅವರ ಪುಣ್ಯ, ಸುದ್ದಿ ತಂದದ್ದು ಅವರ ಕರ್ತವ್ಯನಿಷ್ಠೆ.

ಯುದ್ಧ ಮುಗಿದ ಮೇಲೆ ಕೆ. ಸುಬ್ರಹ್ಮಣ್ಯಂ ಅವರ ಅಧ್ಯಕ್ಷತೆಯಲ್ಲಿ ಪರಿಶೀಲನಾ ಸಮಿತಿ ಕುಳಿತಿತು. ಗಡಿಯ ಕಣ್ಗಾವಲಿನಲ್ಲಿ ಇದ್ದ ಕೊರತೆಗಳನ್ನು ಅದು ಎತ್ತಿ ತೋರಿಸಿತು. ಉಪಗ್ರಹ, ಡ್ರೋನು, ಹೊಸ ರಡಾರುಗಳತ್ತ ಸೈನ್ಯ ಮನಸ್ಸು ಕೊಟ್ಟಿತು. ಶತ್ರುವಿನ ಫಿರಂಗಿ ಎಲ್ಲಿಂದ ಹಾರುತ್ತಿದೆ ಎಂಬುದನ್ನು ಕಂಡುಹಿಡಿಯುವ 'ಸ್ವಾತಿ' ರಡಾರು ರೂಪುಗೊಂಡದ್ದು ಬೆಂಗಳೂರಿನ ರಕ್ಷಣಾ ಸಂಶೋಧನಾಲಯದಲ್ಲಿ. ಅದನ್ನು ತಯಾರಿಸುವುದು ಬಿಇಎಲ್. ಕನ್ನಡಕದ ನಂಬರು ಹೆಚ್ಚಿದ್ದು ಸೈನ್ಯದ ವೈದ್ಯಕೀಯ ಪರೀಕ್ಷೆಯಲ್ಲಿ ಪಾಸಾಗದವರು ನಿರಾಶರಾಗಬೇಕಿಲ್ಲ. ಎಂಜಿನಿಯರಿಂಗ್ ಓದಿ ಸೈನಿಕನ ಕಣ್ಣಿಗೆ ದೂರದೃಷ್ಟಿ ಕೊಡುವ ಕೆಲಸವೂ ಇದೆ.

ಬಾಗಿಲು ಎಲ್ಲಿದೆ?

ಈಗ ಉದ್ಯೋಗದ ಮಾತಿಗೆ ಬರೋಣ. ಅಮೆರಿಕದಲ್ಲಿ ಒಬ್ಬ ಹುಡುಗ ಸೈನ್ಯ ಸೇರುವಾಗಲೇ 'ನಾನು ಸ್ಕೌಟ್ ಆಗುತ್ತೇನೆ' ಎಂದು ಆರಿಸಿಕೊಳ್ಳಬಹುದು. ನಮ್ಮಲ್ಲಿ ಹಾಗಿಲ್ಲ. 'ರೆಕಿ ಸೈನಿಕ ಬೇಕಾಗಿದ್ದಾರೆ' ಎಂಬ ಜಾಹೀರಾತು ನಿಮಗೆ ಎಂದೂ ಸಿಗದು. ಎಲ್ಲರ ಜೊತೆಗೆ ಎಲ್ಲರ ಬಾಗಿಲಿನಿಂದಲೇ ಒಳಗೆ ಹೋಗಬೇಕು. ಒಳಗೆ ಹೋದ ಮೇಲೆ ನಿಮ್ಮ ಓಟ, ನಿಮ್ಮ ತಾಳ್ಮೆ, ನಿಮ್ಮ ಮಾತಿನ ನಿಖರತೆ ನೋಡಿ ಹಿರಿಯರು ಆರಿಸುತ್ತಾರೆ.

ಜವಾನನಾಗಿ ಸೇರುವ ದಾರಿ 2022ರಿಂದ ಅಗ್ನಿಪಥ ಯೋಜನೆ. ಹದಿನೇಳೂವರೆ ವರ್ಷ ತುಂಬಿರಬೇಕು. ಸಾಮಾನ್ಯ ಸೈನಿಕ ಹುದ್ದೆಗೆ ಹತ್ತನೆಯ ತರಗತಿಯಲ್ಲಿ ಒಟ್ಟು ಶೇಕಡಾ 45 ಅಂಕ ಬೇಕು. ಮೊದಲು ಕಂಪ್ಯೂಟರಿನಲ್ಲಿ ಲಿಖಿತ ಪರೀಕ್ಷೆ, ಅದರಲ್ಲಿ ಪಾಸಾದವರಿಗೆ ಮೈದಾನದಲ್ಲಿ 1.6 ಕಿಲೋಮೀಟರ್ ಓಟ, ಬೀಮಿಗೆ ಜೋತು ಮೈ ಎತ್ತುವುದು, ಒಂಬತ್ತು ಅಡಿಯ ಹಳ್ಳ ಹಾರುವುದು, ನಂತರ ವೈದ್ಯಕೀಯ ಪರೀಕ್ಷೆ. ಓಟವನ್ನು ಐದೂವರೆ ನಿಮಿಷದೊಳಗೆ ಮುಗಿಸಿದವರಿಗೆ ಪೂರ್ಣ ಅಂಕ. ಗರಿಷ್ಠ ವಯಸ್ಸು ಮತ್ತಿತರ ಷರತ್ತುಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ಓದಿಕೊಳ್ಳಿ. ನಮ್ಮವರಿಗೆ ಒಂದು ಎಚ್ಚರಿಕೆ: ವಾಸಸ್ಥಳದ ಪ್ರಮಾಣಪತ್ರ ಯಾವ ಜಿಲ್ಲೆಯದೋ ಆ ಜಿಲ್ಲೆಯ ಭರ್ತಿ ಕಚೇರಿಗೇ ಅರ್ಜಿ ಹಾಕಬೇಕು. ಊರು ವಿಜಯಪುರ, ಹುಟ್ಟಿದ್ದು ಕಲ್ಯಾಣ, ರೇಷನ್ ಕಾರ್ಡು ಟಿಟ್ವಾಳಾ ಎಂಬ ಗೊಂದಲವಿದ್ದರೆ ಈಗಲೇ ಕಾಗದಪತ್ರ ಸರಿಮಾಡಿಕೊಳ್ಳಿ. 'ಹಣ ಕೊಟ್ಟರೆ ಭರ್ತಿ ಮಾಡಿಸುತ್ತೇನೆ' ಎನ್ನುವ ದಲ್ಲಾಳಿಯನ್ನು ಮನೆಯ ಹೊಸ್ತಿಲು ದಾಟಲು ಬಿಡಬೇಡಿ.

ಈಗ ಲೆಕ್ಕ. ಅಗ್ನಿವೀರನ ಸೇವೆ ನಾಲ್ಕು ವರ್ಷ. ಯೋಜನೆಯಂತೆ ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ನಾಲ್ಕನೆಯ ವರ್ಷ 40,000. ಇದರಲ್ಲಿ ಶೇಕಡಾ 30 ಸೇವಾನಿಧಿಗೆ ಹೋಗುತ್ತದೆ. ಸರ್ಕಾರವೂ ಅಷ್ಟೇ ಸೇರಿಸುತ್ತದೆ. ನಾಲ್ಕು ವರ್ಷದ ಕೊನೆಗೆ ಸುಮಾರು ಹತ್ತು ಲಕ್ಷ ಮತ್ತು ಬಡ್ಡಿ ಕೈಗೆ ಬರುತ್ತದೆ. ಪಿಂಚಣಿ ಇಲ್ಲ. ಜೀವವಿಮೆ 48 ಲಕ್ಷ. ನಾಲ್ಕು ವರ್ಷದ ನಂತರ ಕಾಯಂ ಆಗುವವರು ಗರಿಷ್ಠ ಶೇಕಡಾ 25 ಎಂಬುದು ಯೋಜನೆಯ ನಿಯಮ. ಅಂದರೆ ನಾಲ್ವರಲ್ಲಿ ಒಬ್ಬ. ಉಳಿದ ಮೂವರು ಇಪ್ಪತ್ತೆರಡು, ಇಪ್ಪತ್ಮೂರರ ವಯಸ್ಸಿಗೆ ಹೊಸ ಬದುಕು ಆರಂಭಿಸಬೇಕು. ಕೇಂದ್ರದ ಅರೆಸೈನಿಕ ಪಡೆಗಳಲ್ಲಿ ಅವರಿಗೆ ಮೀಸಲಾತಿ ಇದೆ. ಆದರೂ 'ನಾನು ಆ ಒಬ್ಬನಾಗದಿದ್ದರೆ ಏನು ಮಾಡುತ್ತೇನೆ?' ಎಂಬುದಕ್ಕೆ ಸೇರುವ ಮೊದಲೇ ಉತ್ತರವಿರಲಿ. ಹೊರಬರುವ ದಾರಿ ನೋಡಿಕೊಳ್ಳದೆ ಒಳಹೊಗಬಾರದೆಂಬುದು ರೆಕಿಯ ಪಾಠವೂ ಹೌದು.

ಮೇಲೇರುವ ಮೆಟ್ಟಿಲುಗಳು

ಕಾಯಂ ಆದವನ ಮುಂದೆ ಕನಿಷ್ಠ ಇನ್ನೂ ಹದಿನೈದು ವರ್ಷ ಸೇವೆ ಇದೆ. ಸಿಪಾಯಿ, ಲಾನ್ಸ್ ನಾಯಕ್, ನಾಯಕ್, ಹವಾಲ್ದಾರ್ ಇವು ತೋಳಿನ ಪಟ್ಟಿಯ ಮೆಟ್ಟಿಲುಗಳು. ಅನಂತರ ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್. ಒಂದೊಂದು ಮೆಟ್ಟಿಲಿಗೂ ಪರೀಕ್ಷೆ, ತರಬೇತಿ, ಖಾಲಿ ಹುದ್ದೆ ಮೂರೂ ಕೂಡಿಬರಬೇಕು. ಬಡ್ತಿ ಸಿಗದವರಿಗೂ ಎಂಟು, ಹದಿನಾರು, ಇಪ್ಪತ್ನಾಲ್ಕು ವರ್ಷಗಳಿಗೆ ವೇತನದ ಹಂತ ಏರುವ ವ್ಯವಸ್ಥೆ ಇದೆ.

ರೆಕಿಯಲ್ಲಿ ಮೆಟ್ಟಿಲು ಏರಿದಂತೆ ಕೆಲಸ ಬದಲಾಗುತ್ತದೆ. ಸಿಪಾಯಿ ಸ್ವತಃ ಮುಂದೆ ತೆವಳುತ್ತಾನೆ, ವೈರ್‌ಲೆಸ್ ಹೊರುತ್ತಾನೆ. ನಾಯಕ್ ಮತ್ತು ಹವಾಲ್ದಾರ್ ಗಸ್ತು ನಡೆಸುತ್ತಾರೆ. ಹೋಗುವ ದಾರಿ, ಬರುವ ದಾರಿ, ಒಬ್ಬನಿಗೆ ಗಾಯವಾದರೆ ಏನು ಎಂಬ ಹೊಣೆ ಅವರದು. ಸುಬೇದಾರರು ಹೊಸಬರನ್ನು ತಿದ್ದುತ್ತಾರೆ, ಯೋಜನೆ ಹಾಕುತ್ತಾರೆ. ಹಿಂದಿರುಗಿ ಬಂದವರನ್ನು ಕೂರಿಸಿ ಪ್ರಶ್ನೆ ಕೇಳಿ, ಒಬ್ಬರ ಮಾತನ್ನು ಇನ್ನೊಬ್ಬರ ಮಾತಿನೊಡನೆ ತಾಳೆ ನೋಡಿ ನಕ್ಷೆಯ ಮೇಲೆ ಗುರುತು ಹಾಕುವುದು ಬೆಟಾಲಿಯನ್ನಿನ ಗುಪ್ತವಾರ್ತಾ ಅಧಿಕಾರಿಯ ಕೆಲಸ. ಘಾತಕ್ ಪ್ಲಟೂನಿನಲ್ಲಿ ಯಾರೂ ಮುದುಕರಾಗುವವರೆಗೆ ಇರುವುದಿಲ್ಲ. ಮೊಣಕಾಲು ಗಟ್ಟಿಯಿರುವಷ್ಟು ದಿನ ಅಲ್ಲಿದ್ದು, ಕಲಿತದ್ದನ್ನು ಇತರರಿಗೆ ಕಲಿಸುವುದಕ್ಕೆ ಹಿಂದಿರುಗುತ್ತಾರೆ.

'ಆಳಾಗಬಲ್ಲವನು ಅರಸಾಗಬಲ್ಲ' ಎಂಬ ಮಾತಿಗೆ ಮತ್ತೆ ಯಾದವ್ ಅವರೇ ಉದಾಹರಣೆ. 1996ರಲ್ಲಿ ಸಾಮಾನ್ಯ ಜವಾನನಾಗಿ ಸೇರಿದವರು ಸುಬೇದಾರ್ ಮೇಜರ್ ಆಗಿ, ಗೌರವ ಕ್ಯಾಪ್ಟನ್ ಪದವಿಯೊಂದಿಗೆ ನಿವೃತ್ತರಾದರು. ಜವಾನನಾಗಿದ್ದುಕೊಂಡೇ ಅಧಿಕಾರಿಯಾಗುವ ದಾರಿಯೂ ಇದೆ. ಡೆಹ್ರಾಡೂನಿನ ಆರ್ಮಿ ಕೆಡೆಟ್ ಕಾಲೇಜು ಇರುವುದೇ ಅದಕ್ಕೆ. ಹನ್ನೆರಡನೆಯ ತರಗತಿ ಪಾಸಾಗಿ, ನಿಗದಿತ ಸೇವೆ ಪೂರೈಸಿದ ಜವಾನರು ಪರೀಕ್ಷೆ ಬರೆದು ಅಲ್ಲಿ ಮೂರು ವರ್ಷ ಓದಿ, ಮಿಲಿಟರಿ ಅಕಾಡೆಮಿಯಲ್ಲಿ ಒಂದು ವರ್ಷ ತರಬೇತಿ ಮುಗಿಸಿ ಲೆಫ್ಟಿನೆಂಟ್ ಆಗುತ್ತಾರೆ. ಆದ್ದರಿಂದ 'ಹತ್ತನೇ ಆಯಿತು, ಓಡಲು ಬರುತ್ತದೆ, ಸಾಕು' ಎನ್ನಬೇಡಿ. ಹನ್ನೆರಡನ್ನು ಮುಗಿಸಿಯೇ ಹೋಗಿ.

ನೇರವಾಗಿ ಅಧಿಕಾರಿಯಾಗಬಯಸುವವರಿಗೆ ಹನ್ನೆರಡರ ನಂತರ ಖಡಕವಾಸ್ಲಾದ ಎನ್‌ಡಿಎ, ಪದವಿಯ ನಂತರ ಸಿಡಿಎಸ್ ಪರೀಕ್ಷೆ. ಸಂದರ್ಶನ ಮಂಡಳಿಗಳಲ್ಲಿ ಒಂದು ಬೆಂಗಳೂರಿನಲ್ಲಿದೆ. ಎನ್‌ಡಿಎಗೆ ಹುಡುಗರನ್ನು ತಯಾರು ಮಾಡಲು ಮಹಾರಾಷ್ಟ್ರ ಸರ್ಕಾರ 1977ರಲ್ಲಿ ಔರಂಗಾಬಾದಿನಲ್ಲಿ, ಈಗಿನ ಛತ್ರಪತಿ ಸಂಭಾಜಿನಗರದಲ್ಲಿ, ಒಂದು ಸಂಸ್ಥೆ ತೆರೆದಿದೆ. ಚಿಕ್ಕ ತಮ್ಮ ತಂಗಿಯರಿದ್ದರೆ ಸಾತಾರಾ, ವಿಜಯಪುರ, ಕೊಡಗಿನ ಸೈನಿಕ ಶಾಲೆಗಳ ವಿಷಯ ಮನೆಯಲ್ಲಿ ತಿಳಿಸಿ. ಕಾಲೇಜಿನಲ್ಲಿ ಎನ್‌ಸಿಸಿ ಇದ್ದರೆ ಬಿಡಬೇಡಿ, 'ಸಿ' ಪ್ರಮಾಣಪತ್ರಕ್ಕೆ ಎರಡೂ ದಾರಿಗಳಲ್ಲಿ ಬೆಲೆ ಇದೆ.

ಹುಡುಗಿಯರು 'ಇದು ನಮಗಲ್ಲ' ಎಂದು ಪುಟ ತಿರುವಬೇಡಿ. 2021ರಲ್ಲಿ ಮಿಲಿಟರಿ ಪೊಲೀಸ್ ಪಡೆಯ ಮೊದಲ 83 ಮಹಿಳಾ ಜವಾನರು ತರಬೇತಿ ಮುಗಿಸಿ ಹೊರಬಂದದ್ದು ಬೆಂಗಳೂರಿನಲ್ಲಿ. 2022ರಲ್ಲಿ ಎನ್‌ಡಿಎ ಬಾಗಿಲು ತೆರೆಯಿತು. 2025ರ ಮೇ ತಿಂಗಳಲ್ಲಿ ಅಲ್ಲಿಂದ ಮೊದಲ 17 ಮಂದಿ ಮಹಿಳಾ ಕೆಡೆಟ್‌ಗಳು ಉತ್ತೀರ್ಣರಾದರು. ಪದಾತಿ ದಳ ಮತ್ತು ಟ್ಯಾಂಕು ದಳ ಅವರಿಗೆ ಇನ್ನೂ ತೆರೆದಿಲ್ಲ. ಆದರೆ 2023ರಲ್ಲಿ ಫಿರಂಗಿ ದಳಕ್ಕೆ ಮೊದಲ ಐವರು ಮಹಿಳಾ ಅಧಿಕಾರಿಗಳು ಸೇರಿದರು. ಅವರಲ್ಲಿ ಒಬ್ಬರು ಹೋದದ್ದು ಮೇಲೆ ಹೇಳಿದ ಸಾಟಾ ರೆಜಿಮೆಂಟಿಗೆ. ಅಂದರೆ ಮುಂದೆ ನೋಡಿ ಹೇಳುವ ಕೆಲಸದಲ್ಲಿ ಹೆಣ್ಣುಮಕ್ಕಳೂ ಇದ್ದಾರೆ.

ಇಂದಿನಿಂದಲೇ ಅಭ್ಯಾಸ

ನಿಮ್ಮ ಶಾಲೆಯ ಸ್ಕೌಟ್ಸ್ ಮತ್ತು ಗೈಡ್ಸ್ ಎಲ್ಲಿಂದ ಬಂತು ಬಲ್ಲಿರಾ? ಬೇಡನ್ ಪೊವೆಲ್ ಎಂಬ ಬ್ರಿಟಿಷ್ ಅಧಿಕಾರಿ ರೆಕಿ ಸೈನಿಕರಿಗಾಗಿ ಬರೆದ ಪುಸ್ತಕ 1899ರಲ್ಲಿ ಅಚ್ಚಾಯಿತು. ಅದನ್ನು ಹುಡುಗರೂ ಓದಿದರು. ಅದನ್ನು ಕಂಡು 1907ರಲ್ಲಿ ಅವರು ಹುಡುಗರ ಮೊದಲ ಶಿಬಿರ ನಡೆಸಿದರು. ಅಂದರೆ ಈ ಕಲೆಗೆ ಸಮವಸ್ತ್ರ ಸಿಗುವವರೆಗೆ ಕಾಯಬೇಕಿಲ್ಲ.

ನಾಳೆ ಬೆಳಗ್ಗೆ ಲೋಕಲ್ ಹತ್ತಿದಾಗ ಟಿಟ್ವಾಳಾದಿಂದ ಅಂಬಿವಲಿಯವರೆಗೆ ಮೊಬೈಲನ್ನು ಜೇಬಿನಲ್ಲಿಡಿ. ಕಿಟಕಿಯ ಹೊರಗೆ ನೋಡಿ. ಸಂಜೆ ಮನೆಗೆ ಬಂದು ಒಂದು ಹಾಳೆಯಲ್ಲಿ ಬರೆಯಿರಿ. ಎಷ್ಟು ಹಳಿಗಳಿದ್ದವು? ನೀರು ಎಲ್ಲಿ ಕಂಡಿತು? ಎಡಕ್ಕೆ ಏನಿತ್ತು, ಬಲಕ್ಕೆ ಏನಿತ್ತು? ಮರುದಿನ ಅದೇ ಹಾಳೆ ಹಿಡಿದು ಹೋಗಿ ತಾಳೆ ನೋಡಿ. ವರ್ಷಗಟ್ಟಲೆ ಓಡಾಡಿದ ದಾರಿಯಲ್ಲಿ ಎಷ್ಟೊಂದನ್ನು ನೋಡಿಯೇ ಇರಲಿಲ್ಲವೆಂದು ನಿಮಗೇ ಆಶ್ಚರ್ಯವಾಗುತ್ತದೆ. ರಜೆಯ ದಿನ ಗೆಳೆಯರ ಜೊತೆ ಆಸನಗಾಂವ್ ಬಳಿಯ ಮಾಹುಲಿ ಕೋಟೆ ಹತ್ತಿ. ಹೋಗುವ ಮುನ್ನ ನಕ್ಷೆ ಓದಿ. ಹಿಂದಿರುಗಿದ ಮೇಲೆ ದಾರಿಯ ಚಿತ್ರ ಬಿಡಿಸಿ.

ಇನ್ನೊಂದು ಬಲ ನಿಮಗೆ ಹುಟ್ಟಿನಿಂದಲೇ ಇದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಗಾಡಿಯಲ್ಲಿ ಹಿಂದಿ, ಕಾಲೇಜಿನಲ್ಲಿ ಇಂಗ್ಲಿಷ್. ಎರಡು ಊರಿನವರಾಗಿ ಬೆಳೆದದ್ದು ಕೊರತೆಯೆಂದು ನಿಮ್ಮಲ್ಲಿ ಕೆಲವರು ಕೊರಗುವುದುಂಟು. ಹೊಸ ಊರು, ಹೊಸ ಮಾತು, ಹೊಸ ಜನರ ನಡುವೆ ಕಿವಿ ತೆರೆದು ಬದುಕುವುದನ್ನು ನಿಮ್ಮ ತಂದೆತಾಯಿ ಇಲ್ಲಿಗೆ ಬಂದಾಗಲೇ ಕಲಿತರು. ನಿಮಗದು ಬಳುವಳಿಯಾಗಿ ಬಂದಿದೆ. ಅದನ್ನು ಕಳೆದುಕೊಳ್ಳಬೇಡಿ.

ಕೊನೆಗೆ ಮನೆಯ ಮಾತು. ಸೈನ್ಯ ಸೇರುತ್ತೇನೆಂದರೆ ಅಮ್ಮ ಅಳುತ್ತಾರೆ, ಅಪ್ಪ ಮೌನವಾಗುತ್ತಾರೆ. ಅವರ ಹೆದರಿಕೆ ಸುಳ್ಳಲ್ಲ, ಕಾಕ್ಸರಿನ ಆರು ಮನೆಗಳನ್ನು ನೆನೆದರೆ ತಿಳಿಯುತ್ತದೆ. ಆದ್ದರಿಂದ ಅವರಿಂದ ಏನನ್ನೂ ಮುಚ್ಚಿಡಬೇಡಿ. ನಾಲ್ಕು ವರ್ಷದ ಲೆಕ್ಕ, ನಾಲ್ವರಲ್ಲಿ ಒಬ್ಬ ಎಂಬ ಮಾತು, ಅಪಾಯ, ಗೌರವ, ಸಂಬಳ ಎಲ್ಲವನ್ನೂ ಇದ್ದ ಹಾಗೆ ಅವರ ಮುಂದಿಡಿ. ಒಳ್ಳೆಯದನ್ನು ಹಿಗ್ಗಿಸಬೇಡಿ, ಕೆಟ್ಟದ್ದನ್ನು ತಗ್ಗಿಸಬೇಡಿ. ಮನೆಯವರೆದುರು ಕೂತು ಹಾಗೆ ಹೇಳಬಲ್ಲವರಾದರೆ ಈ ಉದ್ಯೋಗಕ್ಕೆ ಬೇಕಾದ ಮೊದಲ ಯೋಗ್ಯತೆ ನಿಮ್ಮಲ್ಲಿದೆ ಎಂದು ತಿಳಿಯಿರಿ. ಉಳಿದದ್ದನ್ನು ಸೈನ್ಯ ಕಲಿಸುತ್ತದೆ.

ಮುಂದಿನ ಸಂಚಿಕೆಯಲ್ಲಿ ಮತ್ತೊಂದು ಉದ್ಯೋಗದೊಂದಿಗೆ ಭೇಟಿಯಾಗೋಣ. ನಿಮ್ಮ ಪ್ರಶ್ನೆಗಳನ್ನು ಬರೆದು ಸಂಘದ ಕಚೇರಿಗೆ ತಲುಪಿಸಿ. ಕನ್ನಡದಲ್ಲಿ ಬರೆಯಿರಿ, ಅಕ್ಷರ ತಪ್ಪಾದರೂ ಚಿಂತೆಯಿಲ್ಲ.

ನಿಮಗೆಲ್ಲ ಶುಭವಾಗಲಿ.